ಬೀಗರ ಬರ್ಗೆ

ನನ್ನ ಮಗನಿಗೆ ಎರಡೂವರೆ ವರ್ಷ ದಾಟುವ ಹೊತ್ತಿಗೆ ಅವನ ಕೂದಲು ಹೆಗಲಿನಿಂದ ಕೆಳಗೆ ಇಳಿದಿತ್ತು. ದಿನಾ ಬೆಳಿಗ್ಗೆ ಅವನನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು, ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ತುದಿಗೆ ಕೆಂಪು ರಬ್ಬರ್ ಸುತ್ತುತ್ತಿದ್ದೆ. ಇಚಲಕರಂಜಿಯಲ್ಲಿ ನಮ್ಮ ಮನೆಗೆ ಹತ್ತಿಕೊಂಡೇ ಗಂಡನ ಮಗ್ಗದ ಶೆಡ್ಡು. ಹಗಲು ಪಾಳಿ, ರಾತ್ರಿ ಪಾಳಿ ಎನ್ನದೆ ಪವರ್‌ಲೂಮ್ ಬಡಿದುಕೊಳ್ಳುತ್ತಿರುತ್ತವೆ. ಅಲ್ಲಿಂದ ಹಾರಿ ಬಂದ ಹತ್ತಿಯ ನವಿರು ಎಣ್ಣೆ ಹಚ್ಚಿದ ತಲೆಗೆ ಅಂಟಿ, ಸಂಜೆಯಾಗುವಷ್ಟರಲ್ಲಿ ಮಗ ನನ್ನ ಅಜ್ಜಿಯ ಹಾಗೆ ಕಾಣುತ್ತಿದ್ದ. ಮಗ್ಗದ ತಿರುಗುವ ಪಟ್ಟಾಕ್ಕೆ ಎಲ್ಲಿ ಜಡೆ ಸಿಕ್ಕೀತೋ ಎಂದು ಹೆದರಿ ಗಂಡ ಶೆಡ್ಡಿನ ಬಾಗಿಲಿಗೆ ಅಡ್ಡ ಹಲಗೆ ಹೊಡೆಸಿದ್ದರು. ಬಸ್ಸಿನಲ್ಲಿ ಕಂಡಕ್ಟರ್ “ಪೋರೀಲಾ ಮಾಂಡೀವರ ಘ್ಯಾ” ಎಂದು, ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಹೇಳಿದರೆ ಮಗ ಎದ್ದು ನಿಂತು “ಪೋರಗೀ ನಾಹೀ, ಮೀ ಪೋರಗಾ!” ಎಂದು ಕೂಗುತ್ತಿದ್ದ. ತಾನು ಹುಡುಗ ಎಂದು ಸಾರುವ ಎರಡು ಜಡೆಯ ಆಸಾಮಿಯನ್ನು ನೋಡಿ ಇಡೀ ಬಸ್ಸು ನಗುತ್ತಿತ್ತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಬೀಗರ ಜಗಳದಲ್ಲಿ ಕೂಸಿನ ಕೂದಲು ಬೆಳೆಯಿತು.

ಜಾವಳ, ಅಂದರೆ ಮಗುವಿನ ಹುಟ್ಟುಗೂದಲು ತೆಗೆಸುವುದು, ನಮ್ಮ ಕಡೆ ಸಲೂನಿಗೆ ಹೋಗಿ ಮುಗಿಸುವ ಕೆಲಸವಲ್ಲ. ಸೋದರಮಾವ ಬರಬೇಕು, ಮಗು ಅವನ ತೊಡೆಯ ಮೇಲೆ ಕೂರಬೇಕು, ಮೊದಲ ಕತ್ತರಿ ಅವನೇ ಆಡಿಸಬೇಕು. ವರ್ಷ ಬೆಸವಾಗಿರಬೇಕು. ಮೊದಲನೆಯ ವರ್ಷ ತಪ್ಪಿದರೆ ಮೂರನೆಯದು, ಅದೂ ತಪ್ಪಿದರೆ ಐದನೆಯದು. ಕತ್ತರಿಸಿದ ಕೂದಲನ್ನು ಮನೆದೇವರ ಮುಂದೆ ಹರಿಯುವ ನೀರಿಗೆ ಬಿಡಬೇಕು. ನಮ್ಮ ಮಗನ ಮೊದಲ ವರ್ಷ ನೆಗಡಿ ಜ್ವರದಲ್ಲಿ ಹೋಯಿತು. ಮೂರನೆಯದು ಈ ಬೇಸಿಗೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಆಗದಿದ್ದರೆ ಮತ್ತೊಂದು ವರ್ಷ ಕತ್ತರಿ ಮುಟ್ಟಿಸುವ ಹಾಗಿರಲಿಲ್ಲ. ಬಾಲವಾಡಿಗೆ ಅವನು ಎರಡು ಜಡೆ ಹಾಕಿಕೊಂಡೇ ಹೋಗಬೇಕಾಗುತ್ತಿತ್ತು. ನಗುವವರಿಗೆ ಅದು ನಗೆ. ನನಗೆ ಮಾತ್ರ ಆ ಜಡೆ ಹೆಣೆಯುವಾಗಲೆಲ್ಲ ತವರುಮನೆ ಕಣ್ಣ ಮುಂದೆ ಬರುತ್ತಿತ್ತು. ಏಕೆಂದರೆ ಕತ್ತರಿ ಹಿಡಿಯಬೇಕಾದ ನನ್ನ ತಮ್ಮ ನಮ್ಮ ಹೊಸ್ತಿಲು ತುಳಿದು ಹತ್ತಿರ ಹತ್ತಿರ ಎರಡು ವರ್ಷವಾಗಿತ್ತು.

ಜಗಳ ನೀರಿನದು. ನನ್ನ ಗಂಡನ ಊರು ಗಡಹಿಂಗ್ಲಜ ತಾಲೂಕಿನಲ್ಲಿ, ಹಿರಣ್ಯಕೇಶಿಯ ದಂಡೆಯ ಮೇಲೆ. ಅದೇ ಹೊಳೆಯ ಗುಂಟ ಇನ್ನಷ್ಟು ಕೆಳಗೆ ಹೋದರೆ, ರಾಜ್ಯದ ಗಡಿ ದಾಟಿದ ಕೂಡಲೇ, ನನ್ನ ತವರೂರು. ಎರಡೂ ಊರಲ್ಲಿ ಮಾತು ಒಂದೇ, ರೊಟ್ಟಿ ಒಂದೇ, ಹೊಳೆ ಒಂದೇ. ಸರಕಾರ ಮಾತ್ರ ಎರಡು. ಹೆಣ್ಣು ಕೊಟ್ಟ ಮನೆಯವರು ಕೆಳಗಿನವರು ಎನ್ನುವುದು ರೂಢಿ, ನಮ್ಮ ಪಾಲಿಗೆ ಅದು ಭೂಗೋಳವೂ ಆಗಿತ್ತು. ಹಬ್ಬ ಬಂದರೆ ಉಂಡಿ, ಚಕ್ಕಲಿ, ಸೀರೆ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದವು. ಬೇಸಿಗೆ ಬಂದರೆ ಮೇಲಿನಿಂದ ಕೆಳಕ್ಕೆ ನೀರು ಬರಬೇಕಿತ್ತು. ಉಂಡಿ ತಪ್ಪದೆ ಹೋಗುತ್ತಿದ್ದವು, ನೀರು ಬರುತ್ತಿರಲಿಲ್ಲ.

ಬರದಿರಲು ಕಾರಣ ಬರ್ಗೆ. ನಮ್ಮ ಹೊಳೆಗಳಿಗೆ ಕಟ್ಟಿದ ಕೊಲ್ಹಾಪುರ ಪದ್ಧತಿಯ ಬಂಧಾರ ಅಂದರೆ ನೀರಿಗೆ ಅಡ್ಡ ನಿಂತ ಕಲ್ಲಿನ ಕಂಬಗಳ ಸಾಲು, ಕಂಬಕಂಬದ ನಡುವೆ ಖಾಲಿ ಕಂಡಿ. ಮಳೆಗಾಲ ಮುಗಿದ ಮೇಲೆ ಆ ಕಂಡಿಗಳಲ್ಲಿ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸುತ್ತಾರೆ. ಮುಂದಿನ ಮಳೆಗೆ ಮುಂಚೆ ಎಲ್ಲ ಎತ್ತಿ ಶೆಡ್ಡಿನಲ್ಲಿ ಪೇರಿಸಿಡುತ್ತಾರೆ. ಈ ಹಲಗೆಗೆ ಒಂದಿದ್ದರೆ ಬರ್ಗಾ, ಹಲವಿದ್ದರೆ ಬರ್ಗೆ. ಮೇಲಿನ ಬಂಧಾರದ ಬರ್ಗೆ ಹಾಕಿಸುವುದು, ತೆಗೆಸುವುದು ಎಲ್ಲ ನನ್ನ ಮಾವನವರ ಮಾತಿನ ಮೇಲೆ. ಊರಿನ ನೀರಿನ ಸಂಘಕ್ಕೆ ಅವರೇ ಹಿರಿಯರು. ಹಿರಣ್ಯಕೇಶಿ ಅಂದರೆ ಬಂಗಾರದ ಕೂದಲಿನವಳು. ಮೊಮ್ಮಗನಿಗೆ ಜಾವಳ ಆಗದಿದ್ದರೂ ಪ್ರತಿ ಬೇಸಿಗೆಗೆ ಅವಳಿಗೆ ಮಾತ್ರ ಮಾವನವರು ತಪ್ಪದೆ ಜಾವಳ ಮಾಡಿಸುತ್ತಿದ್ದರು.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ, ನಾನು ಮಗನ ಜೊತೆ ಊರಿಗೆ ಹೋಗಿದ್ದಾಗ, ನಮ್ಮ ಅಪ್ಪ ಕುರಿಗಳಿಗೆ ಕುಡಿಯಲು ನೀರಿಲ್ಲ ಎಂದು ಮಾವನವರ ಮನೆಗೆ ಬಂದರು. ತಲೆಗೆ ಹೊಸ ಪಟಗ, ಕೈಯಲ್ಲಿ ಮೊಮ್ಮಗನಿಗೆ ಬಿಸ್ಕಿಟ್ ಪುಡಿಕೆ. ಎರಡು ಬರ್ಗೆ ಎತ್ತಿಸಿರಿ ಎಂದು ಕೇಳಿದರು. ಕೆಳಗಿನ ಬಂಧಾರದ ಬರ್ಗೆಗಳು ತುಕ್ಕು ಹಿಡಿದು ಸೋರುತ್ತವೆ, ಬಿಟ್ಟ ನೀರು ಅಲ್ಲಿ ನಿಲ್ಲುವುದಿಲ್ಲ ಎಂಬುದು ಮಾವನವರ ತಕರಾರು. ಅದನ್ನು ಹಾಗೆಯೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರಿಗೆ ಗಾದೆಯ ಚಟ.

“ಬೀಗರ, ತೂತಿನ ಕೊಡಕ್ಕ ನೀರ ಹಾಕ್ರಿ ಅಂದ್ರ ಹೆಂಗ ಹಾಕೂದ್ರಿ?” ಅಂದರು.

ಅಪ್ಪ ಮುಂದಿದ್ದ ಚಹಾದ ಕಪ್ಪನ್ನು ಮೆಲ್ಲಗೆ ಸರಿಸಿದರು. “ತೂತಿನ ಮನ್ಯಾಗಿನ ಹೆಣ್ಣ ಹೆಂಗ ಚಲೋ ಆತ್ರಿ ನಿಮಗ?” ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಕಪ್ಪಿನ ಮೇಲೆ ಕೆನೆ ಕಟ್ಟುವ ತನಕ ಯಾರೂ ಅದನ್ನು ಎತ್ತಲಿಲ್ಲ.

ಆಮೇಲೆ ನಾನು ತಮ್ಮನಿಗೆ ಫೋನ್ ಮಾಡಿ ಜಾವಳದ ಮಾತು ತೆಗೆದರೆ ಅವನದು ಒಂದೇ ಹಟ. “ಅಕ್ಕಾ, ಜಾವಳದ ಕೂದಲ ಹರಿಯೂ ನೀರಿಗೆ ಬಿಡಬೇಕಲ್ಲಾ? ನಿಮ್ಮ ಮಾವ್ನಾರಿಗೆ ಹೇಳು, ಹರಿಯೂ ನೀರ ಕಳಸ್ರಿ ಅಂತ. ಕಳಸಿದ ದಿನಾ ನಾ ಕತ್ರಿ ಹಿಡಕೊಂಡ ಬರ್ತೀನಿ.” ಮಳೆಗಾಲದಲ್ಲಿ ಹೊಳೆ ತುಂಬಿರುತ್ತದಲ್ಲ, ಆಗಲೇ ಮಾಡಬಾರದೇ ಎಂದರೆ, ಆಗ ದೇವರ ಗುಡಿಯೇ ಅರ್ಧ ನೀರಿನೊಳಗೆ ಇರುತ್ತದೆ. ಮಳೆ ನಿಂತ ಮೇಲೆ ದಸರೆಗೆ ಮಾಡೋಣ ಎಂದರೆ, ಅದು ದೇವರು ಕೊಟ್ಟ ನೀರು, ನಿಮ್ಮ ಮಾವ ಕಳಿಸಿದ್ದಲ್ಲ ಎನ್ನುತ್ತಿದ್ದ. ನಮ್ಮ ಗಂಡನ ಮನೆಯ ದೇವರು ಕೂತಿರುವುದು ನನ್ನ ತವರೂರಿನ ಹೊಳೆದಂಡೆಯಲ್ಲಿ. ದೇವರಿಗೂ ಕೆಳಗಿನ ಊರೇ ಬೇಕಾಗಿತ್ತು ನೋಡಿ. ಮಾವನವರಿಗೆ ತಮ್ಮನ ಮಾತು ಮುಟ್ಟಿಸಿದಾಗ ಅವರು, “ಬರದಿದ್ರ ಬಿಡು. ಹುಡುಗ ಸಾಧು ಆಗ್ಲಿ,” ಎಂದು ಟಿವಿ ಹಚ್ಚಿದರು.

ಪರಿಸ್ಥಿತಿ ಹೀಗಿರುವಾಗ, ಶಿವರಾತ್ರಿ ಮುಗಿದ ಮೇಲೆ, ಕೊಲ್ಹಾಪುರದ ಕಾಲೇಜೊಂದರ ಪ್ರಾಧ್ಯಾಪಕರು ನನಗೆ ಫೋನ್ ಮಾಡಿದರು. ನಾನು ಇಚಲಕರಂಜಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಮೂರೂ ಬರುವವರು ಬೇಕಾಗಿದ್ದಾರೆ ಎಂದರು. ದೂರದ ಎರಡು ದೇಶಗಳ ಅಧಿಕಾರಿಗಳು ಬರುತ್ತಿದ್ದಾರಂತೆ. ಆ ಎರಡು ದೇಶಗಳಿಗೂ ಸೇರಿ ಒಂದು ದೊಡ್ಡ ನದಿ. ಒಂದು ದೇಶ ಮೇಲೆ, ಒಂದು ಕೆಳಗೆ. ಹಂಚಿಕೊಂಡ ನೀರನ್ನು ಜಗಳವಿಲ್ಲದೆ, ಮುಂದಿನವರಿಗೂ ಉಳಿಯುವ ಹಾಗೆ ಬಳಸುವುದು ಹೇಗೆ ಎಂದು ಅವರು ಊರೂರು ನೋಡುತ್ತಾ ತಿರುಗುತ್ತಿದ್ದರು. ನಿಮ್ಮ ಮಾವ ಮೇಲೆ, ನಿಮ್ಮ ಅಪ್ಪ ಕೆಳಗೆ, ನಡುವೆ ರಾಜ್ಯದ ಗಡಿ, ಇದಕ್ಕಿಂತ ಚಲೋ ಉದಾಹರಣೆ ಎಲ್ಲಿ ಸಿಗಬೇಕು ಎಂದು ಪ್ರಾಧ್ಯಾಪಕರು ಹಿಗ್ಗಿದರು. ಸಾಹೇಬರೇ, ಈ ಬೀಗರಿಬ್ಬರೂ ಮಾತು ಬಿಟ್ಟಿದ್ದಾರೆ ಎಂದೆ. ಅವರು, “ಬರುವವರೂ ಹಾಗೇ ಇದ್ದಾರೆ, ಸರಿಹೋಗುತ್ತೆ” ಎಂದರು.

ಅದು ಸುಳ್ಳಾಗಿರಲಿಲ್ಲ. ಕೊಲ್ಹಾಪುರದಲ್ಲಿ ನಾನು ಅವರ ಬಸ್ಸು ಹತ್ತಿದಾಗ ಮೇಲಿನ ದೇಶದ ಸಾಹೇಬರು ತೀರ ಹಿಂದಿನ ಸೀಟಿನಲ್ಲಿ ಕರಿಕನ್ನಡಕ ಹಾಕಿ ಕೂತಿದ್ದರು. ಉದ್ದನೆಯ ಆಳು, ಮೊಣಕಾಲು ಎದೆಗೆ ಬಂದಿತ್ತು. ಕೆಳಗಿನ ದೇಶದ ಮೇಡಮ್ ಡ್ರೈವರನ ಬೆನ್ನಿಗೆ ಇದ್ದರು. ಗಿಡ್ಡಗೆ, ನೆರೆತ ಕೂದಲು, ಬಾಯಿ ತೆರೆದರೆ ಪ್ರಶ್ನೆ. ನಡುವಿನ ಸೀಟುಗಳಲ್ಲಿ ಪ್ರಾಧ್ಯಾಪಕರು ಅತ್ತಿಂದಿತ್ತ ಓಡಾಡುತ್ತಿದ್ದರು. ರಜೆ ಹಾಕಿ ಮಗನನ್ನು ಕರೆದುಕೊಂಡು ಬಂದಿದ್ದೆ, ಮೇಡಮ್ ಅವನ ಜಡೆ ಎಳೆದು “ಎಂಥ ಚೆಂದದ ಹುಡುಗಿ” ಎಂದರು. ತಿದ್ದಲು ಹೋಗಲಿಲ್ಲ. ಜಾವಳ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಗಡಹಿಂಗ್ಲಜ ಬಂದುಬಿಡುತ್ತಿತ್ತು.

ಊಟ ಕೊಲ್ಹಾಪುರದಲ್ಲೇ ಮುಗಿಸಿಕೊಂಡು ಹೊರಡುವುದು ಎಂದಿತ್ತು. ಮಟನ್ ಊಟ, ಜೊತೆಗೆ ಕೆಂಪು ಸಾರು ತಾಂಬಡಾ ರಸ್ಸಾ, ಬಿಳಿ ಸಾರು ಪಾಂಢರಾ ರಸ್ಸಾ. ಬಿಳಿಯದನ್ನು ಕುಡಿದು ಇದು ನಮ್ಮಜ್ಜಿ ಮಾಡುತ್ತಿದ್ದ ಸೂಪು ಎಂದು ಮೇಡಮ್ ಖುಷಿಪಟ್ಟರು. ಅದೇ ಧೈರ್ಯದ ಮೇಲೆ ಕೆಂಪನೆಯದನ್ನೂ ಬಟ್ಟಲೆತ್ತಿ ಗಟಗಟ ಕುಡಿದರು. ಅವರ ಮುಖ ರಸ್ಸಾದ ಬಣ್ಣಕ್ಕೆ ತಿರುಗಿತು, ಕಣ್ಣಿನಿಂದ ಧಾರೆ ಇಳಿಯಿತು. ಅವರ ಮುಂದಿನ ಗ್ಲಾಸು ಖಾಲಿ. ಟೇಬಲ್ಲಿನ ಮೇಲಿದ್ದ ಒಂದೇ ಒಂದು ನೀರಿನ ಬಾಟಲಿ ಮೇಲಿನ ಸಾಹೇಬರ ಕೈಯಲ್ಲಿತ್ತು. ನಾವೆಲ್ಲ ಅವರ ಕೈಯನ್ನೇ ನೋಡಿದೆವು. ಸಾಹೇಬರು ಮೊದಲು ತಾವು ಒಂದು ಗುಟುಕು ಕುಡಿದರು, ಮುಚ್ಚಳ ತಿರುಗಿಸಿ ಭದ್ರ ಮಾಡಿದರು, ಆಮೇಲೆ ಬಾಟಲಿಯನ್ನು ಆಕೆಯ ಕಡೆಗೆ ಬೆರಳ ತುದಿಯಿಂದ ನೂಕಿದರು. ನಮ್ಮ ಮಾವನವರು ಆ ದೇಶದಲ್ಲೂ ಹುಟ್ಟಿದ್ದಾರಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಬಂಧಾರದ ಹತ್ತಿರ ಮಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಂಧಿ ಟೋಪಿಯಲ್ಲಿ ತಯಾರಾಗಿ ನಿಂತಿದ್ದರು. ಊರವರು ಶಾಲು, ತೆಂಗಿನಕಾಯಿ ತಂದಿದ್ದರು. ನೀರಾವರಿ ಇಲಾಖೆಯ ಸಾಹೇಬರೊಬ್ಬರೂ ಬಂದಿದ್ದರು. ಬರ್ಗೆಯ ಈಚೆ ನೀರು ತುಂಬಿ ನಿಂತು ಹಸಿರಾಗಿ ಹೊಳೆಯುತ್ತಿತ್ತು. ಆಚೆ ಬರೀ ಬಂಡೆ, ಮರಳು. ಹೊಳೆಯ ಆಚೆ ದಂಡೆಯಲ್ಲಿ ಒಂದು ಜಾಲಿಮರದ ಕೆಳಗೆ ನನ್ನ ಅಪ್ಪ, ತಮ್ಮ ಕಂಡರು. ಪ್ರಾಧ್ಯಾಪಕರು ಅವರನ್ನೂ ಕರೆದಿದ್ದರು. ಬೀಗರ ಊರಿಗೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದ್ದ ಅಪ್ಪ, ಕುರಿ ಮೇಯಿಸುತ್ತಾ ಅಕಸ್ಮಾತ್ ಬಂದವರ ಹಾಗೆ ನಾಲ್ಕು ಕುರಿ ಜೊತೆಗೆ ತಂದು ಕೂತಿದ್ದರು. ಆ ಜಾಲಿಯ ಕೆಳಗೆ ಮೇಯಲು ಒಂದು ಕಡ್ಡಿ ಹುಲ್ಲಿರಲಿಲ್ಲ.

ಮಾತು ಶುರುವಾಯಿತು. ಇಲ್ಲಿ ಒಂದು ವಿಷಯ ಹೇಳಬೇಕು. ಬರ್ಗೆ ಎಂಬುದು ಮೂಲದಲ್ಲಿ ಇಂಗ್ಲಿಷ್ ಶಬ್ದ ಎಂದು ನನ್ನ ಪಕ್ಕಾ ನಂಬಿಕೆಯಾಗಿತ್ತು. ನಮ್ಮ ಹೊಲದ ಶಬ್ದಗಳೆಲ್ಲ ಹಾಗೇ ತಾನೆ? ಮೋಟಾರು, ಪೈಪು, ಸ್ಟಾರ್ಟರು, ಫ್ಯೂಜು. ಊರಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅದನ್ನು ಇಂಗ್ಲಿಷ್ ಅಕ್ಷರದಲ್ಲೇ, barge ಎಂದು, ಬರೆಯುತ್ತಿದ್ದರು. ಅದನ್ನು ಶುದ್ಧವಾಗಿ ಓದಿದರೆ ‘ಬಾರ್ಜ್’. ಸ್ಟೇಶನ್ನಿಗೆ ಠೇಸನ್ ಅಂದ ಹಾಗೆ ನಮ್ಮ ಜನ ಬಾರ್ಜಿಗೆ ಬರ್ಗೆ ಅನ್ನುತ್ತಾರೆ ಎಂದು ತಿಳಿದು, ಇಂಗ್ಲಿಷ್ ಟೀಚರಾದ ನಾನು ವಿದೇಶಿಯರ ಮುಂದೆ ಉಚ್ಚಾರ ತಿದ್ದಿ ಬಾರ್ಜ್ ಬಾರ್ಜ್ ಎಂದೇ ಹೇಳುತ್ತಾ ಹೋದೆ. ಬಾರ್ಜ್ ಎಂದರೆ ಇಂಗ್ಲಿಷಿನಲ್ಲಿ ಸರಕು ಸಾಗಿಸುವ ಭಾರಿ ಚಪ್ಪಟೆ ದೋಣಿ ಎಂದು ನನಗೆ ಯಾವ ಪಠ್ಯಪುಸ್ತಕವೂ ಕಲಿಸಿರಲಿಲ್ಲ. ಬಂದವರ ನದಿಯಲ್ಲಾದರೋ ಅಂಥ ದೋಣಿಗಳು ದಿನವೂ ಓಡಾಡುತ್ತವಂತೆ.

“ಬರ್ಗೇ ಆಮಚ್ಯಾ ತಾಬ್ಯಾತ ಆಹೇತ,” ಎಂದು ಮಾವನವರು ಮರಾಠಿಯಲ್ಲಿ ಎದೆಯುಬ್ಬಿಸಿದರು. ಬಾರ್ಜ್‌ಗಳೆಲ್ಲ ನಮ್ಮ ಕೈಯಲ್ಲಿವೆ ಎಂದು ನಾನು ಇಂಗ್ಲಿಷಿಗೆ ತಿರುಗಿಸಿದೆ.

ಮೇಡಮ್ ನಿಂತ ನೀರನ್ನು ಉದ್ದಕ್ಕೂ ನೋಡಿದರು. ಒಂದೂ ಕಾಣುತ್ತಿಲ್ಲವಲ್ಲ, ಬಳಸದಾಗ ಎಲ್ಲಿಡುತ್ತೀರಿ ಎಂದು ಕೇಳಿದರು.

“ಅಲ್ನೋಡ್ರಿ, ಆ ಶೆಡ್ಡಿನಾಗ. ಒಂದರ ಮ್ಯಾಲ ಒಂದ ಪೇರಿಸಿಡ್ತೀವಿ,” ಎಂದು ಮಾವನವರು ಈಗ ಕನ್ನಡಕ್ಕೆ ಇಳಿದು, ಎಮ್ಮೆ ಕಟ್ಟುವಷ್ಟು ದೊಡ್ಡದಾದ ಒಂದು ತಗಡಿನ ಶೆಡ್ಡು ತೋರಿಸಿದರು. ಮೇಡಮ್ ಶೆಡ್ಡನ್ನು ನೋಡಿದರು, ನನ್ನನ್ನು ನೋಡಿದರು. ಹಿಂದೆ ನಿಂತಿದ್ದ ಮೇಲಿನ ಸಾಹೇಬರು ಕರಿಕನ್ನಡಕ ತೆಗೆದರು.

ಅದನ್ನು ಎತ್ತಿ ನೀರಿಗಿಳಿಸಲು ಯಂತ್ರ ಬೇಕಾಗುವುದಿಲ್ಲವೇ?

“ಯಂತ್ರಾ ಯಾಕ್ರಿ? ಇಬ್ರ ಸಾಕು. ಗಟ್ಟಿ ಆಳಿದ್ರ ಒಬ್ಬನ ಹೆಗಲಮ್ಯಾಲ ಹಾಕ್ಕೊಂಡ ಹೋಗ್ತಾನ.”

ತೂತು ಬಿದ್ದರೆ?

“ವೆಲ್ಡಿಂಗ್ ಮಾಡಸ್ತೀವಿ. ಸಣ್ಣ ತೂತಾದ್ರ ಹಸೀ ಮಣ್ಣ ಮೆತ್ತತೀವಿ.”

ಕಳ್ಳತನ ಆಗುವುದುಂಟೇ?

“ಆಗ್ತಾವ್ರಿ. ರಾತ್ರಿ ಸೈಕಲ್ ಮ್ಯಾಲ ಹೇರ್ಕೊಂಡ ಹೋಗಿ ಗುಜರಿಗೆ ಹಾಕ್ತಾರ ಸುಡುಗಾಡ ಮಂದಿ.”

ಹೆಗಲ ಮೇಲೆ ಹೊತ್ತು, ಮಣ್ಣು ಮೆತ್ತಿ, ಸೈಕಲ್ಲಿನಲ್ಲಿ ಕದ್ದೊಯ್ಯುವ ದೋಣಿಗಳ ಈ ದೇಶವನ್ನು ಕುರಿತು ಅವರಿಬ್ಬರೂ ತಮ್ಮತಮ್ಮೊಳಗೆ ಏನು ಅಂದುಕೊಂಡರೋ ನಾನರಿಯೆ. ಮೇಲಿನ ಸಾಹೇಬರು ಮೊದಲ ಸಲ ಮೇಡಮ್ಮಿನ ಹತ್ತಿರ ಬಂದು ಕಿವಿಯಲ್ಲಿ ಏನೋ ಹೇಳಿದ್ದು ಮಾತ್ರ ನನಗೆ ಕಂಡಿತು. ಅವರು ನನ್ನ ಅನುವಾದ ಮೆಚ್ಚಿಕೊಳ್ಳುತ್ತಿದ್ದಾರೆಂದು ತಿಳಿದು ನಾನು ಇನ್ನಷ್ಟು ಜೋರು ದನಿಯಲ್ಲಿ ಮುಂದುವರಿಸಿದೆ.

ಆಗ ಮೇಡಮ್ ಕೇಳಿದರು: ಕೆಳಗಿನ ಊರಿನವರ ಹತ್ತಿರವೂ ಬಾರ್ಜ್ ಇವೆಯೇ?

“ಅದಾವ. ಎಲ್ಲಾ ತೂತ,” ಎಂದು ಮಾವನವರು ಜಾಲಿಮರದ ಕಡೆ ನೋಡದ ಹಾಗೆ ನೋಡಿದರು.

ಮೇಡಮ್ಮಿನ ಮುಖ ಮೆತ್ತಗಾಯಿತು. ಅವರೂ ಕೆಳಗಿನವರಲ್ಲವೇ. ನಿಮ್ಮ ಹತ್ತಿರ ಹೆಚ್ಚಿಗೆ ಇದ್ದರೆ ನಾಲ್ಕು ಬಾರ್ಜ್ ಅವರಿಗೆ ಕಳಿಸಿಕೊಡಬಾರದೇ ಎಂದರು.

ಇಷ್ಟು ದಿನ ನೀರು ಬಿಡಿ ಎಂದು ಕೇಳಿದವರಿದ್ದರು, ಬೈದವರಿದ್ದರು. ಅವರ ಬರ್ಗೆ ಸೋರಿದರೆ ನಿಮ್ಮ ಶೆಡ್ಡಿನಲ್ಲಿ ಬಿದ್ದಿರುವ ಹೆಚ್ಚಿನ ಬರ್ಗೆ ಕೊಡಿ ಎಂದು ಒಬ್ಬರಿಗೂ, ನನಗೂ, ಹೊಳೆದಿರಲಿಲ್ಲ. ನಾನು ಆ ಪ್ರಶ್ನೆಯನ್ನು ಆಚೆ ದಂಡೆಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದೆ: “ಮಾವ್ನಾರ, ನಮ್ಮ ಬರ್ಗೆ ಕೆಳಗಿನ ಊರಿಗೆ ಕಳಸ್ತೀರೇನು ಅಂತ ಕೇಳಾಕತ್ತಾರ್ರೀ.”

ಜಾಲಿಯ ಕೆಳಗೆ ಅಪ್ಪ ಎದ್ದು ನಿಂತರು. ನೀರಾವರಿ ಸಾಹೇಬರು ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಮಾವನವರು ಟೋಪಿ ಸರಿಪಡಿಸಿಕೊಂಡರು. ಎದುರಿಗೆ ವಿದೇಶದವರು, ಮಗ್ಗುಲಿಗೆ ಸರಕಾರ, ಆಚೆಗೆ ಬೀಗರು. ಮೂರೂ ಕಡೆಯಿಂದ ಸಿಕ್ಕಿಬಿದ್ದ ಮನುಷ್ಯ ಏನು ಮಾಡಿಯಾನು?

“ಬೀಗರಿಗೆ ನಾಕ ಬರ್ಗೆ ಕಳಸಲಾರದಷ್ಟ ಬಡವರಲ್ಲ ನಾವು!” ಎಂದು ಗುಡುಗಿದರು.

ಚಪ್ಪಾಳೆಯೋ ಚಪ್ಪಾಳೆ. ಹಾಗಾದರೆ ಇವತ್ತೇ ಆಗಲಿ, ದೂರದಿಂದ ಬಂದ ಪಾಹುಣ್ಯಾರೂ ಕಣ್ಣಾರೆ ನೋಡಲಿ ಎಂದು ನೀರಾವರಿ ಸಾಹೇಬರು ಗಾಯಕ್ಕೆ ಉಪ್ಪು ಸವರಿದರು. “ಇವತ್ತ?” ಎಂದ ಮಾವನವರ ದನಿ ಒಮ್ಮೆಲೇ ಸಣ್ಣದಾಯಿತು. ಅಷ್ಟರಲ್ಲಿ ಯಾರೋ ಟ್ರ್ಯಾಕ್ಟರಿಗೆ ಫೋನ್ ಹಚ್ಚಿಯಾಗಿತ್ತು.

ಮಾತಿಗೆ ನಾಲ್ಕು ಅಂದರೂ, ಶೆಡ್ಡಿನಲ್ಲಿದ್ದ ಹೆಚ್ಚಿನ ಬರ್ಗೆಯೆಲ್ಲ ಹೇರಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಮೇಡಮ್ಮು, ಮೇಲಿನ ಸಾಹೇಬರು ಇಬ್ಬರೂ ನೀರಿನ ಅಂಚಿಗೆ ಇಳಿದು, ಫೋನು ಹಿಡಿದು, ದೋಣಿಗಳ ಮೆರವಣಿಗೆಗಾಗಿ ಹೊಳೆಯನ್ನೇ ಕಾಯುತ್ತಾ ನಿಂತರು. ಅವರ ಬೆನ್ನ ಹಿಂದಿನ ದಾರಿಯಲ್ಲಿ ಕಿವಿಗಡಚಿಕ್ಕುವ ಹಾಡು ಹಚ್ಚಿಕೊಂಡು, ಟ್ರಾಲಿಯ ತುಂಬ ಕಬ್ಬಿಣ ಗಲಗಲ ಮಾಡುತ್ತಾ ಟ್ರ್ಯಾಕ್ಟರ್ ಹಾಯಿತು. ಅವರು ತಿರುಗಿಯೂ ನೋಡಲಿಲ್ಲ. ನಾನೇ ಓಡಿಹೋಗಿ, ಮೇಡಮ್, ಬಾರ್ಜ್ ಹೊರಟಿತು ನೋಡಿ ಎಂದೆ.

ಎಲ್ಲಿ?

ಅದೋ, ಎಂದು ಟ್ರಾಲಿ ತೋರಿಸಿದೆ.

ಅವರು ಟ್ರಾಲಿ ನೋಡಿದರು. ಅದರ ಒಳಗೆ ನೋಡಿದರು. ಅದರ ಕೆಳಗೂ ಬಗ್ಗಿ ನೋಡಿದರು. ಪ್ರಾಧ್ಯಾಪಕರಿಗೆ ಮೊದಲು ಬೆಳಕು ಹರಿಯಿತು. ಹಣೆ ಬಡಿದುಕೊಂಡು ತಮ್ಮ ಫೋನಿನಲ್ಲಿ ಒಂದು ಚಿತ್ರ ತೆಗೆದು ನನ್ನ ಮುಂದೆ ಹಿಡಿದರು. ಕಲ್ಲಿದ್ದಲು ತುಂಬಿದ, ನಮ್ಮ ಶಾಲೆಯಷ್ಟು ದೊಡ್ಡ ದೋಣಿ. ಕೆಳಗೆ ಬರೆದದ್ದು ಅದೇ ಅಕ್ಷರ, ನಮ್ಮ ವಾಟ್ಸಾಪ್ ಗುಂಪಿನ ಅಕ್ಷರ. ಭೂಮಿ ಬಾಯಿಬಿಟ್ಟರೆ ಸಾಕು, ಇಳಿದುಹೋಗೋಣ ಎನಿಸಿತು ನನಗೆ. ಇಷ್ಟು ವರ್ಷ ಮಕ್ಕಳ ಉಚ್ಚಾರಕ್ಕೆ ಮಾರ್ಕು ಕಡಿದ ಪಾಪವೆಲ್ಲ ಒಂದೇ ಗಳಿಗೆಯಲ್ಲಿ ತೀರಿತು.

ಮೊದಲು ನಕ್ಕವರು ಮೇಲಿನ ಸಾಹೇಬರು. ನಗುತ್ತಾ ನಗುತ್ತಾ ಒಂದು ಬಂಡೆಯ ಮೇಲೆ ಕುಸಿದರು. ಮೇಡಮ್ ಅವರ ಭುಜ ಹಿಡಿದುಕೊಂಡು ನಕ್ಕರು. ಉಸಿರು ತಿರುಗಿದ ಮೇಲೆ ಸಾಹೇಬರು ಆಕೆಗೆ ಒಂದು ಮಾತು ಹೇಳಿದರು. ನಮ್ಮ ನಿಮ್ಮ ಒಪ್ಪಂದದ ಕಾಗದಗಳಲ್ಲಿ ಇಂಥ ಬಾರ್ಜ್ ಎಷ್ಟಿವೆಯೋ, ಒಮ್ಮೆ ಕೂತು ಓದಬೇಕು ಎಂದು. ಮೇಡಮ್ ನಗು ನಿಲ್ಲಿಸಿ, ಹೌದು, ಓದಬೇಕು ಎಂದರು.

ಮಾವನವರು ನನ್ನನ್ನು ಕರೆದು ಇವರ್ಯಾಕ ನಗತಾರ ಎಂದು ಕೇಳಿದರು. ಹೇಳಿದೆ.

“ದೋಣಿ? ಈ ಹೊಳ್ಯಾಗ?” ಎಂದು ಅವರು ಕಣ್ಣರಳಿಸಿದರು. “ಎಪ್ರಿಲ್ ಬಂದ್ರ ಇಲ್ಲೆ ಹುಡುಗೂರು ಕ್ರಿಕೆಟ್ ಆಡ್ತಾವ!” ಮತ್ತೆ ಏನೋ ಹೊಳೆದ ಹಾಗೆ ಅವರ ಮುಖ ಬದಲಾಯಿತು. “ಹಂಗಾರ ಅವ್ರ ಕೇಳಿದ್ದ ದೋಣಿ. ಬರ್ಗೆ ಕೊಡ್ರಿ ಅಂತ ನಮಗ ಯಾರೂ ಕೇಳೇ ಇಲ್ಲ. ಟ್ರ್ಯಾಕ್ಟರ್ ತಿರಗಸ್ರೋ!”

ಸೊಸೆಯಾಗಿ ಆ ಮನೆಗೆ ಬಂದಾಗಿನಿಂದ ನಾನು ಅವರಿಗೆ ಎದುರು ಮಾತಾಡಿದವಳಲ್ಲ. ಸಿಟ್ಟು ಬಂದರೆ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅಲ್ಲಿ ಪಾತ್ರೆ ಇರಲಿಲ್ಲ. ಮಗ ನನ್ನ ಸೆರಗು ಹಿಡಿದು ನಿಂತಿದ್ದ, ಜಡೆಯ ರಬ್ಬರ್ ಬಿಚ್ಚಿಹೋಗಿ ಕೂದಲು ಮುಖದ ಮೇಲೆ ಬಿದ್ದಿತ್ತು.

“ಮಾವ್ನಾರ,” ಎಂದೆ, “ಅವ್ರಿಗೆ ತಪ್ಪ ತಿಳಿದಿತ್ತು, ಖರೆ. ನಿಮಗ ಸರಿಯಾಗೇ ತಿಳಿದಿತ್ತಲ್ರೀ? ಬರ್ಗೆ ಅಂತ ತಿಳಕೊಂಡ ಕೊಡ್ತೀನಿ ಅಂದ್ರಿ. ಕೇಳಿದವ್ರ ಮಾತ ಬ್ಯಾರೆ ಇರಬೌದು, ಆಡಿದ ಮಾತ ನಿಮ್ಮದಽ ಐತಿ.”

ಸುತ್ತ ನಿಂತವರೆಲ್ಲ ಒಮ್ಮೆಲೇ ಆಕಾಶ ನೋಡತೊಡಗಿದರು. ಮಾವನವರು ನನ್ನನ್ನು ನೋಡಿದರು. ಮೊಮ್ಮಗನನ್ನು ನೋಡಿದರು. ಆಮೇಲೆ ಟ್ರ್ಯಾಕ್ಟರಿನವನಿಗೆ ಸಿಟ್ಟಿನಿಂದ “ಬಘತೋಸ ಕಾಯ್? ನ್ಯಾ!” ಎಂದು ಕೂಗಿದರು, ನೋಡುತ್ತಾ ನಿಂತಿದ್ದೀಯೇನು, ಒಯ್ಯಿ ಎಂದು. ಟ್ರ್ಯಾಕ್ಟರ್ ಕೆಳಗಿನ ದಾರಿ ಹಿಡಿಯಿತು. ಜಾಲಿಯ ಕೆಳಗಿದ್ದ ನನ್ನ ತಮ್ಮ ಕುರಿಗಳನ್ನು ಅಪ್ಪನಿಗೆ ಬಿಟ್ಟು, ಬಂಧಾರದ ಮೇಲೆ ಓಡಿಬಂದು, ಟ್ರಾಲಿಯ ಹಿಂದೆ ಜೋತುಬಿದ್ದ.

ಕೆಳಗಿನ ಬಂಧಾರದ ತೂತಿನ ಬರ್ಗೆ ಬದಲಾಗಿ, ಸಂದಿಗಳಿಗೆ ಮಣ್ಣು ಮೆತ್ತಿ ಆದ ಮೇಲೆ, ನೀರು ನಿಲ್ಲುವುದಿಲ್ಲ ಎನ್ನಲು ಮಾವನವರ ಹತ್ತಿರ ಕಾರಣ ಉಳಿಯಲಿಲ್ಲ. ಮಗನಿಗೆ ಮೂರು ತುಂಬುವ ಮೊದಲಿನ ಒಂದು ಸೋಮವಾರ ಜಾವಳ ಗೊತ್ತಾಯಿತು. ಆ ದಿನ ಹೊತ್ತು ಮೂಡುವ ಮುಂಚೆ ಮಾವನವರು ಮೇಲೆ ನಿಂತು ಬರ್ಗೆ ಎತ್ತಿಸಿ, ನೀರು ಬಿಟ್ಟು, ಮೋಟರ್‌ಸೈಕಲ್ಲಿನ ಹಿಂದೆ ಕೂತು ನಮಗಿಂತ ಮೊದಲೇ ಗುಡಿಗೆ ಬಂದಿದ್ದರು. ದಸರೆಗೆ ಮಾತ್ರ ಅವರು ಆ ದೇವರಿಗೆ ಬರುತ್ತಿದ್ದದ್ದು, ಆಗ ಹೊಳೆ ತುಂಬಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ನಿಂತು ಅವರು ಹೊಳೆ ನೋಡಿರಲೇ ಇಲ್ಲ.

ತಮ್ಮ ಹೊಸ ಧೋತರ ಉಟ್ಟು, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕತ್ತರಿ ಹಿಡಿದು ತಯಾರಾದ. ನೀರೇ ಬರಲಿಲ್ಲ. ಭಟ್ಟರು ಮುಹೂರ್ತ ಮೀರುತ್ತದೆ ಎಂದರು. ಮಾವನವರು ಕೈಗಡಿಯಾರ ನೋಡಿದರು, ದಂಡೆಗೆ ಹೋಗಿ ನೋಡಿದರು, ಮತ್ತೆ ಬಂದರು. “ಬಿಟ್ಟ ಭಾಳ ಹೊತ್ತಾತಲ್ರೀ, ಎಲ್ಲಿ ಹೋತ ನೀರ?” ಎಂದು ಕೊನೆಗೆ ಅಪ್ಪನನ್ನೇ ಕೇಳಿದರು. ಆ ಜಗಳದ ಮೇಲೆ ಬೀಗರು ಬೀಗರೊಂದಿಗೆ ಮಾತಾಡಿದ್ದು ಅದೇ ಮೊದಲು.

“ಮೊದ್ಲ ಉಸುಕ ಕುಡೀತೈತ್ರಿ,” ಎಂದರು ಅಪ್ಪ. “ಅದರ ಹೊಟ್ಟಿ ತುಂಬಿದ ಮ್ಯಾಲ ನಮ್ಮ ಪಾಳಿ.”

ಮಾವನವರು ಒಣಗಿದ ಹೊಳೆಯ ಪಾತ್ರಕ್ಕೆ ಇಳಿದರು. ಅಲ್ಲಿ ಹೆಂಗಸರು ಮರಳಿನಲ್ಲಿ ಮೊಣಕೈ ಆಳದ ಒರತೆ ತೋಡಿ, ತಳದಲ್ಲಿ ಊರಿದ ನೀರನ್ನು ಚಿಪ್ಪಿನಿಂದ ತೋಡಿ ತೋಡಿ ಬಿಂದಿಗೆಗೆ ಸುರಿಯುತ್ತಿದ್ದರು. ಅವರಲ್ಲಿ ನನ್ನ ಅವ್ವನೂ ಇದ್ದಳು, ಜಾವಳದ ಅಡುಗೆಗೆ ನೀರು ಸಾಲದೆ ಬಂದಿದ್ದಳು. ಬೀಗರನ್ನು ಕಂಡು ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ಮಾವನವರು ಆ ಒರತೆಯನ್ನೂ, ಅರ್ಧ ತುಂಬಿದ ಬಿಂದಿಗೆಯನ್ನೂ ನೋಡುತ್ತಾ ನಿಂತುಬಿಟ್ಟರು.

ಅಷ್ಟರಲ್ಲಿ ಮೇಲಿನಿಂದ ಹುಡುಗರ ಕೂಗು ಕೇಳಿತು. ನೀರು ಬಂತು. ಬಂತು ಎಂದರೆ, ಒಣಗಿದ ಎಲೆ, ನೊರೆ, ಪ್ಲಾಸ್ಟಿಕ್ ಚೀಲಗಳನ್ನು ಮುಂದಿಟ್ಟುಕೊಂಡು ಒಂದು ತೆಳುವಾದ ಸಾಲು ಮರಳಿನ ಮೇಲೆ ತಡವರಿಸುತ್ತಾ ಬಂತು. ಅಪ್ಪನ ಕುರಿಗಳು ಹಗ್ಗ ಕಿತ್ತುಕೊಂಡು ಓಡಿದವು. ಅಪ್ಪ ಪಟಗ ತೆಗೆದು ಕೈಮುಗಿದರು. ತಮ್ಮ ಕತ್ತರಿ ಆಡಿಸಿದ. ಮಗ ಊರೆಲ್ಲ ಕೇಳುವ ಹಾಗೆ ಅತ್ತ. ನಾನೂ ಅತ್ತೆ, ಯಾರಿಗೂ ಕಾಣದ ಹಾಗೆ ಅಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ಎರಡು ಜಡೆಯನ್ನೂ ಎಕ್ಕದ ಎಲೆಯ ಮೇಲಿಟ್ಟು ಹೊಳೆಗೆ ಬಿಟ್ಟರೆ, ನೀರು ಎಷ್ಟು ಕಡಿಮೆಯಿತ್ತೆಂದರೆ ಎಲೆ ನಾಲ್ಕು ಹೆಜ್ಜೆ ಹೋಗಿ ಮರಳಿಗೆ ತಗುಲಿ ನಿಂತಿತು. ಅವ್ವ ಬಗ್ಗಿ ಬೆರಳಿನಿಂದ ಅದನ್ನು ಮುಂದಕ್ಕೆ ನೂಕಿದಳು. ಅದು ಮತ್ತೆ ನಿಂತಿತು.

ಮಾವನವರು ಅದನ್ನು ನೋಡುತ್ತಿದ್ದರು. ಅಂಗಿಯ ಜೇಬಿನಿಂದ ಫೋನ್ ತೆಗೆದು ಮೇಲಿನ ಬಂಧಾರದಲ್ಲಿದ್ದವನಿಗೆ ಹಚ್ಚಿದರು.

“ಇನ್ನೂ ನಾಕ ಬರ್ಗೆ ತಗೀಪಾ,” ಎಂದರು. ಆ ಕಡೆಯಿಂದ ಅವನೇನೋ ಕೇಳಿದ. “ಯಾಕಂತ ಕೇಳಬ್ಯಾಡ. ಇಲ್ಲಿ ಬಂದ ನಿಂತ ನೋಡಿದ್ರ ನೀನೂ ತಗೀತಿದ್ದಿ.”